ಬೀಸುವ ದೊಣ್ಣೆ ತಪ್ಪಿದ ಹದಿಮೂರು ದಿನಗಳು

(ಪದವಿ ಕಾಲೇಜೊಂದರ ಇತಿಹಾಸ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಮಹಾಯುದ್ಧಗಳು ಹೇಗೆ ಆರಂಭವಾದವು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ವಿವರವಾಗಿ ಹೇಳುತ್ತವೆ. ಇನ್ನೇನು ಆರಂಭವಾಯಿತು ಎನ್ನುವಷ್ಟು ಹತ್ತಿರ ಬಂದ ಯುದ್ಧವೊಂದು ಹೇಗೆ ಆಗದೆ ಉಳಿಯಿತು ಎಂಬುದಕ್ಕೆ ಅವುಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. 1962ರ ಅಕ್ಟೋಬರ್ 16ರಿಂದ 28ರವರೆಗೆ ಕ್ಯೂಬಾದ ಕ್ಷಿಪಣಿಗಳ ಕಾರಣದಿಂದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಅಣ್ವಸ್ತ್ರ ಯುದ್ಧದ ಹೊಸ್ತಿಲಿಗೆ ಬಂದು ನಿಂತಿದ್ದವು. ದಿಟ್ಟ ಅಧ್ಯಕ್ಷನೊಬ್ಬ ಎದುರಾಳಿಯನ್ನು ದಿಟ್ಟಿಸಿ ನೋಡಿದ, ಎದುರಾಳಿ ಹೆದರಿ ಹಿಂದೆ ಸರಿದ ಎಂಬ ಕಥೆಯನ್ನೇ ಜಗತ್ತು ಬಹುಕಾಲ ನಂಬಿಕೊಂಡು ಬಂತು. ಈಗ ತೆರೆದಿರುವ ದಾಖಲೆಗಳನ್ನೂ ಶ್ವೇತಭವನದ ಧ್ವನಿಮುದ್ರಿಕೆಗಳನ್ನೂ ಕೂಡಿಸಿ ನೋಡಿದರೆ ಕಾಣುವ ಚಿತ್ರ ಬೇರೆಯೇ ಆಗಿದೆ. ಇಬ್ಬರು ನಾಯಕರು ತಮ್ಮ ತಮ್ಮ ಸೇನಾನಿಗಳನ್ನು ತಡೆದು ಹಿಡಿದು ಒಬ್ಬರಿಗೊಬ್ಬರು ಕಾಲಾವಕಾಶ ಕೊಟ್ಟರು. ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಬಿಟ್ಟರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ದೊಣ್ಣೆ ಹೇಗೆ ತಪ್ಪಿತು ಎಂಬುದನ್ನು ಇಂದು ನಿಮ್ಮ ಮುಂದೆ ಬಿಡಿಸಿ ಇಡಬೇಕೆಂದುಕೊಂಡಿದ್ದೇನೆ.

ಅದಕ್ಕೆ ಮೊದಲು, ದೊಣ್ಣೆ ತಪ್ಪದೆ ಮೊದಲ ಮಹಾಯುದ್ಧ ಹೊತ್ತಿಕೊಂಡ ಒಂದು ಸಂದರ್ಭವನ್ನು ನೆನಪಿಸಿಕೊಳ್ಳಬೇಕು. 1914ರ ಜುಲೈ 23ರ ಸಂಜೆ ಆಸ್ಟ್ರಿಯಾ-ಹಂಗೇರಿಯು ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆಯ ಪತ್ರ ಕೊಟ್ಟಾಗ ಉತ್ತರಕ್ಕೆ ಇಟ್ಟಿದ್ದ ಗಡುವು 48 ಗಂಟೆ. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಸರ್ ಎಡ್ವರ್ಡ್ ಗ್ರೇ ಲಂಡನ್ನಿನಲ್ಲಿ ನಾಲ್ಕು ದೇಶಗಳ ಮಾತುಕತೆ ನಡೆಯಲಿ ಎಂದು ಕೇಳಿಕೊಂಡರು, ಜರ್ಮನಿ ಒಪ್ಪಲಿಲ್ಲ. ತಿಂಗಳ ಕೊನೆಯ ದಿನಗಳಲ್ಲಿ ಜರ್ಮನಿಯ ಕೈಸರ್ ವಿಲ್ಹೆಲ್ಮ್ ಮತ್ತು ರಷ್ಯಾದ ತ್ಸಾರ್ ನಿಕೊಲಾಸ್ ಒಬ್ಬರಿಗೊಬ್ಬರು ತಂತಿ ಕಳುಹಿಸಿಕೊಂಡರು. ಇಬ್ಬರೂ ನೆಂಟರು, ಇಂಗ್ಲಿಷಿನಲ್ಲಿ ಬರೆದು 'ವಿಲ್ಲಿ', 'ನಿಕಿ' ಎಂದು ಸಹಿ ಹಾಕುತ್ತಿದ್ದರು. ಜುಲೈ 29ರ ರಾತ್ರಿ ಅಂಥ ಒಂದು ತಂತಿಯನ್ನು ಓದಿದ ತ್ಸಾರ್ ಅದಾಗಲೇ ಒಪ್ಪಿಗೆ ಕೊಟ್ಟಿದ್ದ ಪೂರ್ಣ ಸೈನ್ಯ ಜಮಾವಣೆಯ ಆಜ್ಞೆಯನ್ನು ಹಿಂತೆಗೆದುಕೊಂಡರು. ಮರುದಿನ ಮಧ್ಯಾಹ್ನ ಮಂತ್ರಿಗಳೂ ದಂಡನಾಯಕರೂ ಒತ್ತಾಯಿಸಿ ಅವರಿಂದ ಮತ್ತೆ ಒಪ್ಪಿಗೆ ಪಡೆದರು. ಈ ಸಲವೂ ಅರಸರ ಮನಸ್ಸು ಬದಲಾದೀತೆಂಬ ಭಯದಿಂದ, ಆಜ್ಞೆ ಹೊರಟೊಡನೆ ತನ್ನ ಟೆಲಿಫೋನನ್ನೇ ಒಡೆದುಹಾಕುವೆನೆಂದು ಸೇನಾ ಮುಖ್ಯಸ್ಥ ಯನುಷ್ಕೇವಿಚ್ ಹೇಳಿದ್ದರು. ಆಗಸ್ಟ್ 1ರಂದು ಬರ್ಲಿನ್ನಿನಲ್ಲಿಯೂ ಇಂಥದ್ದೇ ನಡೆಯಿತು. ಫ್ರಾನ್ಸಿನ ಮೇಲೆ ಹೋಗುವುದು ಬೇಡ, ಸೈನ್ಯವನ್ನು ಪೂರ್ವಕ್ಕೆ ತಿರುಗಿಸಿ ಎಂದು ಕೈಸರ್ ಕೇಳಿದಾಗ, ರೈಲುಗಳ ವೇಳಾಪಟ್ಟಿ ಒಮ್ಮೆ ನಿಗದಿಯಾದ ಮೇಲೆ ಬದಲಿಸಲು ಬರುವುದಿಲ್ಲ ಎಂದು ದಂಡನಾಯಕ ಮೋಲ್ಟ್ಕೆ ಉತ್ತರಿಸಿದರು.

ಆ ಟೆಲಿಫೋನಿನ ಮಾತನ್ನು ನೀವು ಮರೆಯಬಾರದು. ಯುದ್ಧವನ್ನು ಬಯಸದ ಅರಸನ ಕೈಯಿಂದ ಯುದ್ಧವನ್ನು ನಿಲ್ಲಿಸುವ ಸಾಧನವನ್ನು ಕಸಿದುಕೊಳ್ಳುವುದು ಎಷ್ಟು ಸುಲಭ ಎಂಬುದನ್ನು ಅದು ತೋರಿಸುತ್ತದೆ. ಆ ಯುದ್ಧದ ಉರಿ ನಮ್ಮ ನಾಡನ್ನೂ ಮುಟ್ಟಿತು. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳದ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದರು. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು. 1962ರಲ್ಲಿ ನೆಹರೂ ವಾಸಿಸುತ್ತಿದ್ದುದು ಆ ಮೂರ್ತಿಗಳ ಎದುರಿನ ಮನೆಯಲ್ಲಿ.

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ 1914ರ ಕುರಿತು 1962ರಲ್ಲಿ ಪ್ರಕಟವಾಗಿದ್ದ ಇತಿಹಾಸ ಗ್ರಂಥವೊಂದನ್ನು ಓದಿದ್ದರು. ಅಂದಿನ ನಾಯಕರು ಒಬ್ಬರನ್ನೊಬ್ಬರು ತಪ್ಪಾಗಿ ತಿಳಿದು ಯುದ್ಧದೊಳಕ್ಕೆ ಜಾರಿಬಿದ್ದ ಬಗೆ ಅವರ ಮನಸ್ಸಿನಲ್ಲಿ ಉಳಿದಿತ್ತು ಎಂದು ಅವರ ತಮ್ಮ ರಾಬರ್ಟ್ ಕೆನಡಿ ಮುಂದೆ ಬರೆದಿದ್ದಾರೆ. ಇತಿಹಾಸದ ಮೇಷ್ಟ್ರುಗಳಾದ ನಮಗೆ ಇದು ಸಮಾಧಾನ ಕೊಡುವ ಸಂಗತಿ.

ಅಕ್ಟೋಬರ್ 14ರಂದು ಯು-2 ಬೇಹುಗಾರಿಕೆ ವಿಮಾನವೊಂದು ಕ್ಯೂಬಾದ ಪಶ್ಚಿಮ ಭಾಗದ ಮೇಲೆ ಹಾರಿ ಚಿತ್ರಗಳನ್ನು ತೆಗೆಯಿತು. ಅಣ್ವಸ್ತ್ರ ಹೊತ್ತು ವಾಷಿಂಗ್ಟನ್ನಿನವರೆಗೂ ತಲುಪಬಲ್ಲ ಸೋವಿಯತ್ ಕ್ಷಿಪಣಿಗಳು ಅಲ್ಲಿ ಸಿದ್ಧವಾಗುತ್ತಿರುವುದು ಮರುದಿನ ಖಚಿತವಾಯಿತು. 16ರ ಬೆಳಿಗ್ಗೆ ಸುದ್ದಿ ಕೆನಡಿಗೆ ತಲುಪಿತು. ಅಂದು ಸಭೆ ಸೇರಿದ ಆಪ್ತ ಸಲಹೆಗಾರರಲ್ಲಿ ಹೆಚ್ಚಿನವರು ವಿಮಾನದಾಳಿಯ ಪರವಾಗಿದ್ದರು. ಸ್ವತಃ ಕೆನಡಿಯೂ ಮೊದಲ ದಿನ ಆ ಕಡೆಗೇ ಒಲಿದಿದ್ದರು. ಅಂದೇ ಸಂಜೆ ತೀರ್ಮಾನವಾಗಿದ್ದರೆ ಏನಾಗುತ್ತಿತ್ತೋ ಊಹಿಸುವುದು ಕಷ್ಟವಲ್ಲ. ಆದರೆ ವಿಷಯವನ್ನು ಆರು ದಿನಗಳ ಕಾಲ ಗುಟ್ಟಾಗಿ ಇಟ್ಟಿದ್ದರಿಂದ ಅವರಿಗೆ ಚರ್ಚಿಸಲು, ಹೇಳಿದ್ದನ್ನು ಬದಲಿಸಲು, ರಾತ್ರಿ ಮಲಗಿ ಎದ್ದು ಮತ್ತೆ ಯೋಚಿಸಲು ಅವಕಾಶ ಸಿಕ್ಕಿತು. 19ರಂದು ಸೇನಾ ಮುಖ್ಯಸ್ಥರನ್ನು ಭೇಟಿಯಾದಾಗ, ಕ್ಯೂಬಾಕ್ಕೆ ಹೋಗುವ ಹಡಗುಗಳನ್ನು ತಡೆಯುವ ಬರೀ ದಿಗ್ಬಂಧನ ಹಾಕಿ ಕೂರುವುದು 1938ರ ಮ್ಯೂನಿಕ್ ಒಪ್ಪಂದದಷ್ಟೇ ಕೆಟ್ಟದ್ದು ಎಂದು ವಾಯುಪಡೆಯ ಮುಖ್ಯಸ್ಥ ಜನರಲ್ ಕರ್ಟಿಸ್ ಲಿಮೇ ಅಧ್ಯಕ್ಷರ ಮುಖಕ್ಕೇ ಹೇಳಿದರು. ಕೆನಡಿಯ ತಂದೆ ಮ್ಯೂನಿಕ್ ಕಾಲದಲ್ಲಿ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದು ಹಿಟ್ಲರನ ಜೊತೆಗಿನ ರಾಜಿಯನ್ನು ಬೆಂಬಲಿಸಿದ್ದರು ಎಂಬುದನ್ನು ನೆನೆದರೆ ಈ ಮಾತಿನ ಇರಿತ ತಿಳಿಯುತ್ತದೆ. ಕೆನಡಿ ಅದನ್ನು ಸಹಿಸಿಕೊಂಡು, 22ರಂದು ರಾಷ್ಟ್ರವನ್ನುದ್ದೇಶಿಸಿ ಮಾತನಾಡುವಾಗ ದಿಗ್ಬಂಧನವನ್ನೇ ಘೋಷಿಸಿದರು. ಅಂತರರಾಷ್ಟ್ರೀಯ ಕಾನೂನಿನಲ್ಲಿ ದಿಗ್ಬಂಧನವೆಂದರೆ ಯುದ್ಧದ ಕ್ರಮ. ಆದ್ದರಿಂದ ಅದನ್ನು 'ಕ್ವಾರಂಟೈನ್' ಎಂದು ಕರೆದರು. ಪದ ಬದಲಿಸಿದ್ದು ಸಣ್ಣ ಸಂಗತಿಯಲ್ಲ, ಎದುರಿನವರಿಗೆ ಯುದ್ಧ ಸಾರಿದ್ದಾರೆಂದು ಹೇಳಬೇಕಾದ ಅನಿವಾರ್ಯವನ್ನು ಅದು ತಪ್ಪಿಸಿತು.

ಇದೇ ದಿನಗಳಲ್ಲಿ, ಅಕ್ಟೋಬರ್ 20ರಂದು, ಚೀನಾದ ಸೈನ್ಯ ನಮ್ಮ ಗಡಿಯ ಎರಡೂ ತುದಿಗಳಲ್ಲಿ ಏಕಕಾಲಕ್ಕೆ ಆಕ್ರಮಣ ಮಾಡಿತು. ಕ್ಯೂಬಾದ ಇಕ್ಕಟ್ಟಿನಲ್ಲಿ ಚೀನಾದ ಬೆಂಬಲ ಬೇಕಾಗಿದ್ದ ಮಾಸ್ಕೋ ಭಾರತದ ಕೈ ಬಿಟ್ಟಿತು. 25ರಂದು ಸೋವಿಯತ್ ಕಮ್ಯುನಿಸ್ಟ್ ಪಕ್ಷದ 'ಪ್ರಾವ್ದಾ' ಪತ್ರಿಕೆ ಚೀನಾದ ಪ್ರಸ್ತಾವಗಳ ಕಡೆಗೆ ವಾಲಿತು. ಕ್ಯೂಬಾದ ಕಾರ್ಮೋಡ ಕರಗಿದ ಮೇಲೆ ನವೆಂಬರ್ ಮೊದಲ ವಾರದಲ್ಲಿ ಅದೇ ಪತ್ರಿಕೆಯ ಧ್ವನಿ ಬದಲಾಯಿತು. ಕನ್ನಡನಾಡಿನ ಮನೆಗಳಲ್ಲಿ ಆ ಅಕ್ಟೋಬರ್ ಎಂದರೆ ಚೀನಾ ಯುದ್ಧದ ನೆನಪು ಮಾತ್ರ. ಆದರೆ ಹಿಮಾಲಯದಲ್ಲಿ ನಮ್ಮ ಸೈನಿಕರು ಒಂಟಿಯಾದದ್ದಕ್ಕೂ ಕೆರಿಬಿಯನ್ ಸಮುದ್ರದಲ್ಲಿ ನಡೆಯುತ್ತಿದ್ದುದಕ್ಕೂ ನೇರ ಸಂಬಂಧವಿತ್ತು.

ಈಗ ನಾನು ಒಬ್ಬ ಏಷ್ಯಾದವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಕಥೆಯಿಂದ ಅವರ ಹೆಸರು ಬಹುಮಟ್ಟಿಗೆ ಅಳಿಸಿಹೋಗಿದೆ. ಯು ಥಾಂಟ್ ಬರ್ಮಾದ ಪಾಂಟನಾವ್ ಎಂಬ ಸಣ್ಣ ಊರಿನವರು. ಅಲ್ಲಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. 1961ರಲ್ಲಿ ವಿಶ್ವಸಂಸ್ಥೆಯ ಮುಖ್ಯಸ್ಥ ಹಮ್ಮರ್‌ಷೋಲ್ಡ್ ವಿಮಾನಾಪಘಾತದಲ್ಲಿ ತೀರಿಕೊಂಡ ಮೇಲೆ ವಿಶ್ವಸಂಸ್ಥೆಯ ಹಂಗಾಮಿ ಮಹಾ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಅವರ ಬಳಿ ಸೈನ್ಯವಿರಲಿಲ್ಲ, ಹುದ್ದೆಯೂ ಖಾಯಂ ಆಗಿರಲಿಲ್ಲ. ಯಾವ ಬಣಕ್ಕೂ ಸೇರದ 40ಕ್ಕೂ ಹೆಚ್ಚು ದೇಶಗಳ ಪ್ರತಿನಿಧಿಗಳು ಬಂದು ಏನಾದರೂ ಮಾಡಿ ಎಂದು ಕೇಳಿಕೊಂಡಾಗ, ಅಕ್ಟೋಬರ್ 24ರಂದು ಅವರು ಕೆನಡಿಗೂ ಸೋವಿಯತ್ ನಾಯಕ ಕ್ರುಶ್ಚೇವರಿಗೂ ಒಂದೇ ಒಕ್ಕಣೆಯ ಪತ್ರ ಕಳುಹಿಸಿದರು. ಎರಡು ಮೂರು ವಾರ ಒಬ್ಬರು ಶಸ್ತ್ರಾಸ್ತ್ರ ಸಾಗಣೆಯನ್ನೂ ಇನ್ನೊಬ್ಬರು ದಿಗ್ಬಂಧನವನ್ನೂ ನಿಲ್ಲಿಸಿ, ಅಷ್ಟರಲ್ಲಿ ಮಾತಾಡಿ ಎಂಬುದು ಅದರ ಸಾರ. ಯಾರು ತಪ್ಪು, ಯಾರು ಸರಿ ಎಂಬ ತೀರ್ಪು ಅದರಲ್ಲಿರಲಿಲ್ಲ.

ಕ್ರುಶ್ಚೇವ್ ಒಪ್ಪಿದರು. ಕ್ಷಿಪಣಿಗಳ ಕೆಲಸ ನಿಲ್ಲುವ ಭರವಸೆ ಇಲ್ಲದ ಕಾರಣ ಅಮೆರಿಕಕ್ಕೆ ಅದು ಹಿಡಿಸಲಿಲ್ಲ. ಆದರೂ ಕೆನಡಿ ಆ ಬಾಗಿಲನ್ನು ಮುಚ್ಚದೆ, ಇನ್ನೊಂದು ಮನವಿ ಕಳುಹಿಸುವಂತೆ ಅದೇ ಯು ಥಾಂಟರನ್ನು ತಮ್ಮ ಪ್ರತಿನಿಧಿಯ ಮೂಲಕ ಕೇಳಿಕೊಂಡರು. ಸೋವಿಯತ್ ಹಡಗುಗಳು ಸ್ವಲ್ಪ ಕಾಲ ತಡೆವಲಯದಿಂದ ದೂರವಿರಲಿ, ಅಮೆರಿಕದ ನೌಕಾಪಡೆ ಘರ್ಷಣೆಯನ್ನು ತಪ್ಪಿಸಲಿ ಎಂಬ ಆ ಎರಡನೆಯ ಮನವಿ 25ರಂದು ಹೊರಟಿತು; ಎರಡೂ ಕಡೆ ಒಪ್ಪಿದವು. ಕ್ಷಿಪಣಿ ಹೊತ್ತ ಹಡಗುಗಳನ್ನು ಹಿಂದಿರುಗಿಸಲು ಕ್ರುಶ್ಚೇವ್ ಅದಾಗಲೇ ಆಜ್ಞೆ ಕೊಟ್ಟಿದ್ದರು, ನಿಜ. ಆದರೆ ಎದುರಾಳಿಯ ಬೆದರಿಕೆಗೆ ನಿಲ್ಲುವುದು ಬೇರೆ, ವಿಶ್ವಸಂಸ್ಥೆಯ ಮಾತಿಗೆ ಗೌರವ ಕೊಟ್ಟು ನಿಲ್ಲುವುದು ಬೇರೆ. ಊರಿನ ಜಗಳದಲ್ಲಿ ಇಬ್ಬರೂ ಮೊಂಡುಹಿಡಿದು ನಿಂತಾಗ ಹಿರಿಯರೊಬ್ಬರು ನಡುವೆ ಬಂದು 'ನನ್ನ ಮಾತಿಗಾದರೂ ಒಂದು ಹೆಜ್ಜೆ ಹಿಂದೆ ಸರಿಯಿರಪ್ಪಾ' ಎಂದರೆ ಸರಿದವನಿಗೆ ಅವಮಾನವಿಲ್ಲ ಎಂಬುದನ್ನು ಹಳ್ಳಿಯಲ್ಲಿ ಬೆಳೆದ ನಿಮಗೆ ವಿವರಿಸಬೇಕಾಗಿಲ್ಲ. ಇದೇ ಯು ಥಾಂಟರ ಕೈಕೆಳಗೆ, 1964ರಲ್ಲಿ, ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ದಂಡನಾಯಕರಾದರು; 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ಗೆಲ್ಲುವುದಕ್ಕಿಂತ ತಡೆಯುವುದನ್ನೇ ಕೆಲಸವಾಗಿಸಿಕೊಂಡವರ ಸಾಲಿನಲ್ಲಿ ನಮ್ಮವರೂ ಇದ್ದರೆಂದು ನಾನು ಅಭಿಮಾನದಿಂದಲೇ ಹೇಳುತ್ತೇನೆ.

26ರಂದು ಕ್ರುಶ್ಚೇವ್ ಕೆನಡಿಗೆ ದೀರ್ಘವಾದ, ಮನಸ್ಸು ತೆರೆದಿಟ್ಟ ಪತ್ರವೊಂದನ್ನು ಬರೆದರು. ಯುದ್ಧವೆಂಬ ಗಂಟು ಹಾಕಿರುವ ಹಗ್ಗವನ್ನು ನಾವಿಬ್ಬರೂ ಎರಡು ತುದಿಗಳಿಂದ ಎಳೆಯುವುದು ಬೇಡ. ಎಳೆದಷ್ಟೂ ಗಂಟು ಬಿಗಿಯುತ್ತದೆ, ಕೊನೆಗೆ ಕಟ್ಟಿದವನಿಗೂ ಬಿಚ್ಚಲಾಗದಂತಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಕ್ಯೂಬಾದ ಮೇಲೆ ಆಕ್ರಮಣ ಮಾಡುವುದಿಲ್ಲವೆಂದು ಮಾತು ಕೊಟ್ಟರೆ ತಮ್ಮವರು ಅಲ್ಲಿರುವ ಅಗತ್ಯ ಉಳಿಯದು ಎಂದೂ ಅವರು ಸೂಚಿಸಿದ್ದರು. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಗೆ ಕೊಟ್ಟ ಆ ಪತ್ರ ಅನುವಾದಗೊಂಡು, ತುಂಡುತುಂಡಾಗಿ ವಾಷಿಂಗ್ಟನ್ ಸೇರಿ ಮುಗಿಯಲು ಸುಮಾರು ಹನ್ನೆರಡು ಗಂಟೆ ಹಿಡಿಯಿತು. ಆ ಕಡೆಯ ಸ್ಥಿತಿಯೂ ಇದಕ್ಕಿಂತ ಮೇಲಿರಲಿಲ್ಲ. ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ಅನಟೊಲಿ ಡೊಬ್ರಿನಿನ್ ಮಾಸ್ಕೋಗೆ ಕಳುಹಿಸುತ್ತಿದ್ದ ಸಂಕೇತಭಾಷೆಯ ತಂತಿಗಳನ್ನು ವೆಸ್ಟರ್ನ್ ಯೂನಿಯನ್ ಕಂಪನಿಯ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು ಒಯ್ಯುತ್ತಿದ್ದ. ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರವಾಗಿ ಕಚೇರಿಗೆ ಹೋಗಲಿ ಎಂದು ತಾವೆಲ್ಲ ಬಯಸುತ್ತಿದ್ದುದನ್ನು ಡೊಬ್ರಿನಿನ್ ಮುಂದೆ ನೆನಪಿಸಿಕೊಂಡಿದ್ದಾರೆ. ಮನುಕುಲದ ಭವಿಷ್ಯ ಆ ಸೈಕಲ್ಲಿನ ಚೀಲದಲ್ಲಿತ್ತು. 1963ರಲ್ಲಿ ಎರಡೂ ರಾಜಧಾನಿಗಳ ನಡುವೆ ನೇರ ಟೆಲಿಪ್ರಿಂಟರ್ ಸಂಪರ್ಕ ಏರ್ಪಟ್ಟದ್ದು ಈ ಅನುಭವದಿಂದಲೇ.

ಅಕ್ಟೋಬರ್ 27, ಶನಿವಾರ. ಆ ಒಂದು ದಿನದ ಮೇಲೆಯೇ ಇಡೀ ಉಪನ್ಯಾಸ ಮಾಡಬಹುದು. ಬೆಳಿಗ್ಗೆ ಮಾಸ್ಕೋ ರೇಡಿಯೊ ಕ್ರುಶ್ಚೇವರ ಎರಡನೆಯ ಪತ್ರವನ್ನು ಬಿತ್ತರಿಸಿತು. ಟರ್ಕಿಯಲ್ಲಿರುವ ಅಮೆರಿಕದ ಜುಪಿಟರ್ ಕ್ಷಿಪಣಿಗಳೂ ಹೋಗಬೇಕು ಎಂಬ ಹೊಸ ಷರತ್ತು ಅದರಲ್ಲಿತ್ತು. ಕ್ಯೂಬಾದ ಮೇಲೆ ಹಾರುತ್ತಿದ್ದ ಯು-2 ವಿಮಾನವನ್ನು ಸ್ಥಳೀಯ ಸೋವಿಯತ್ ಅಧಿಕಾರಿಗಳು ಮಾಸ್ಕೋದ ಅನುಮತಿಯಿಲ್ಲದೆ ಹೊಡೆದುರುಳಿಸಿದರು. ಮೇಜರ್ ರುಡಾಲ್ಫ್ ಆಂಡರ್ಸನ್ ಸತ್ತರು. ಹಾಗಾದರೆ ಕೂಡಲೇ ಪ್ರತಿದಾಳಿ ಎಂದು ಮೊದಲೇ ತೀರ್ಮಾನವಾಗಿತ್ತು, ಕೆನಡಿ ತಡೆದರು. ಅಲಾಸ್ಕಾದಿಂದ ಹೊರಟ ಇನ್ನೊಂದು ಯು-2 ಉತ್ತರ ಧ್ರುವದ ಬಳಿ ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕಿತು. ಅದನ್ನು ಹಿಡಿಯಲು ಮಿಗ್ ವಿಮಾನಗಳು ಹಾರಿದವು. ಇವಾವುವನ್ನೂ ಇಬ್ಬರು ನಾಯಕರಲ್ಲಿ ಒಬ್ಬರೂ ಆಜ್ಞಾಪಿಸಿರಲಿಲ್ಲ.

ಸಮುದ್ರದಡಿಯಲ್ಲಿ ನಡೆದದ್ದಂತೂ ವಾಷಿಂಗ್ಟನ್ನಿಗೆ ತಿಳಿದೇ ಇರಲಿಲ್ಲ. ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಅಮೆರಿಕದ ಯುದ್ಧನೌಕೆಗಳು ಸುತ್ತುವರಿದು, ಅದು ಮೇಲೆ ಬರಲೆಂದು ಅಭ್ಯಾಸದ ಸಿಡಿಗುಂಡುಗಳನ್ನು ಬೀಳಿಸುತ್ತಿದ್ದವು. ಒಳಗೆ ಗಾಳಿ ಕೆಟ್ಟು ಬಿಸಿ 45 ಡಿಗ್ರಿ ದಾಟಿತ್ತು, ಮಾಸ್ಕೋದೊಡನೆ ಸಂಪರ್ಕ ಕಡಿದಿತ್ತು, ಮೇಲೆ ಯುದ್ಧ ಆರಂಭವಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆ ಹಡಗಿನಲ್ಲಿ ಅಣ್ವಸ್ತ್ರ ಹೊತ್ತ ಒಂದು ಟಾರ್ಪೆಡೊ ಇತ್ತು. ಕ್ಯಾಪ್ಟನ್ ಸವಿಟ್‌ಸ್ಕಿ ರೇಗಿ ಅದನ್ನು ಸಿದ್ಧಪಡಿಸಲು ಹೇಳಿದರೆಂದೂ, ಅದೇ ಹಡಗಿನಲ್ಲಿದ್ದ ದಳದ ಹಿರಿಯ ಅಧಿಕಾರಿ ವಸಿಲಿ ಅರ್ಖಿಪೋವ್ ಅವರನ್ನು ಸಮಾಧಾನಪಡಿಸಿ ಹಡಗನ್ನು ಮೇಲೆತ್ತಿಸಿದರೆಂದೂ ಅಲ್ಲಿದ್ದವರು ಹೇಳಿದ್ದಾರೆ. ವಿವರಗಳಲ್ಲಿ ಅವರವರ ನೆನಪುಗಳು ಒಂದೇ ರೀತಿ ಇಲ್ಲ. ಹಡಗು ಮೇಲೆ ಬಂತು, ಟಾರ್ಪೆಡೊ ಕೊಳವೆಯಲ್ಲಿಯೇ ಉಳಿಯಿತು ಎಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಅಂದು ಶ್ವೇತಭವನದ ಸಭೆಯಲ್ಲಿ ಮಾಸ್ಕೋದಲ್ಲಿ ರಾಯಭಾರಿಯಾಗಿದ್ದು ಕ್ರುಶ್ಚೇವರನ್ನು ಹತ್ತಿರದಿಂದ ಬಲ್ಲ ಲ್ಯುವೆಲಿನ್ ಥಾಂಪ್ಸನ್ ಇದ್ದರು. ಕ್ಯೂಬಾದಿಂದ ಕ್ಷಿಪಣಿ ತೆಗೆಸುವುದು ಮಾತುಕತೆಯಿಂದ ಆಗದು ಎಂದು ಕೆನಡಿ ನಿರಾಶರಾಗಿ ಹೇಳಿದಾಗ, ಥಾಂಪ್ಸನ್ ಅಧ್ಯಕ್ಷರ ಮಾತನ್ನು ಒಪ್ಪಲಿಲ್ಲ. 'ಕ್ಯೂಬಾವನ್ನು ಉಳಿಸಿದವನು ನಾನು, ಆಕ್ರಮಣವನ್ನು ತಡೆದವನು ನಾನು' ಎಂದು ಹೇಳಿಕೊಳ್ಳಲು ಬಂದರೆ ಕ್ರುಶ್ಚೇವರಿಗೆ ಅಷ್ಟೇ ಸಾಕು ಎಂಬುದು ಅವರ ವಾದ. ಎದುರಾಳಿಗೆ ಏನು ಬೇಕು ಎಂದು ಕೇಳುವವರು ಎಲ್ಲ ಸಭೆಗಳಲ್ಲಿಯೂ ಇರುತ್ತಾರೆ; ಎದುರಾಳಿ ತನ್ನವರ ಮುಂದೆ ಏನು ಹೇಳಿಕೊಳ್ಳಬೇಕು ಎಂದು ಕೇಳುವವರು ಅಪರೂಪ. ನಮ್ಮ ಬಯಲಾಟಗಳಲ್ಲಿ ನೋಡಿರುವ ಕೃಷ್ಣ ಸಂಧಾನವನ್ನು ನೆನಪಿಸಿಕೊಳ್ಳಿ. ಐದೇ ಊರು ಸಾಕೆಂದು ಪಾಂಡವರ ಕಡೆಯ ಬೇಡಿಕೆ ಅಷ್ಟು ಇಳಿದರೂ ಸಂಧಾನ ಮುರಿಯಿತು. ತುಂಬಿದ ಸಭೆಯಲ್ಲಿ ಕೌರವನು ಛಲ ಬಿಡಲು ಅಲ್ಲಿ ಬಾಗಿಲಿರಲಿಲ್ಲ.

ಅಂದು ಸಂಜೆ ರಾಬರ್ಟ್ ಕೆನಡಿ ತಮ್ಮ ಕಚೇರಿಗೆ ಡೊಬ್ರಿನಿನ್‌ರನ್ನು ಕರೆಸಿಕೊಂಡರು. ಕ್ಯೂಬಾದ ಮೇಲೆ ಆಕ್ರಮಣ ಮಾಡುವುದಿಲ್ಲವೆಂಬ ಬಹಿರಂಗ ಮಾತಿನ ಜೊತೆಗೆ, ಟರ್ಕಿಯ ಕ್ಷಿಪಣಿಗಳನ್ನು ನಾಲ್ಕೈದು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಅದು ಹೊರಗೆ ಬರಕೂಡದು ಎಂದು ಮಾತು ಕೊಟ್ಟರು. ಅದೇ ಹೊತ್ತಿನಲ್ಲಿ ಹವಾನಾದಿಂದ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಬರೆದ ಪತ್ರ ಕ್ರುಶ್ಚೇವರ ಕೈ ಸೇರಿತ್ತು. ಅಮೆರಿಕ ಆಕ್ರಮಣ ಮಾಡಿದರೆ ಅಣ್ವಸ್ತ್ರದ ಮೊದಲ ಹೊಡೆತ ನಾವೇ ಕೊಡಬೇಕು ಎಂಬ ಅದರ ಧ್ವನಿ ಅವರನ್ನು ಬೆಚ್ಚಿಬೀಳಿಸಿತು. 28ರಂದು, ಪತ್ರ ತಲುಪುವುದು ತಡವಾದೀತೆಂದು, ಕ್ಷಿಪಣಿಗಳನ್ನು ಬಿಚ್ಚಿ ವಾಪಸು ತರುವ ತೀರ್ಮಾನವನ್ನು ಅವರು ಮಾಸ್ಕೋ ರೇಡಿಯೊದಲ್ಲಿಯೇ ಓದಿಸಿದರು. ತಮ್ಮ ನೆಲದ ಬಗೆಗಿನ ಈ ತೀರ್ಮಾನವನ್ನು ಕ್ಯಾಸ್ಟ್ರೊ ಸುದ್ದಿಯ ಮೂಲಕ ತಿಳಿಯಬೇಕಾಯಿತು. ಸಣ್ಣ ದೇಶವೊಂದಕ್ಕಾದ ಆ ಅವಮಾನವನ್ನು ಈ ಸಂಧಾನದ ಲೆಕ್ಕದಲ್ಲಿ ಬರೆಯದೆ ಬಿಡುವುದು ನ್ಯಾಯವಲ್ಲ.

ಇನ್ನೊಂದು ಬೆಲೆಯನ್ನೂ ಹೇಳಲೇಬೇಕು. ಟರ್ಕಿಯ ಒಪ್ಪಂದವನ್ನು ಬರಹದಲ್ಲಿ ಖಚಿತಪಡಿಸುವ ಕ್ರುಶ್ಚೇವರ ಪತ್ರವನ್ನು ಡೊಬ್ರಿನಿನ್ ತಂದುಕೊಟ್ಟಾಗ, ರಾಬರ್ಟ್ ಕೆನಡಿ ಅಕ್ಟೋಬರ್ 30ರಂದು ಅದನ್ನು ಹಿಂದಿರುಗಿಸಿದರು. ಇಂಥ ಕಾಗದ ಮುಂದೊಂದು ದಿನ ಹೊರಬಂದರೆ ತಮ್ಮ ರಾಜಕೀಯ ಜೀವನಕ್ಕೆ ಧಕ್ಕೆಯಾದೀತು ಎಂಬ ಅಳುಕು ಅವರಿಗಿತ್ತು. ಮಾತಿಗೆ ತಕ್ಕಂತೆ ಜುಪಿಟರ್‌ಗಳು 1963ರ ಏಪ್ರಿಲ್‌ನಲ್ಲಿ ಟರ್ಕಿಯಿಂದ ಹೋದವು. ಆದರೆ ಗುಟ್ಟು ಗುಟ್ಟಾಗಿಯೇ ಉಳಿದದ್ದರಿಂದ ಅಮೆರಿಕದ ಜನರೂ ಆಮೇಲಿನ ಅಧಿಕಾರಸ್ಥರೂ ಬಿಗಿ ಹಿಡಿದರೆ ಎದುರಾಳಿ ಬಾಗುತ್ತಾನೆ ಎಂಬ ತಪ್ಪು ಪಾಠವನ್ನೇ ಕಲಿತರು. ವಿಯೆಟ್ನಾಮಿನ ಕೆಸರಿಗೆ ಆ ದೇಶ ಇಳಿದದ್ದರಲ್ಲಿ ಈ ಪಾಠದ ಪಾಲೂ ಇದೆ ಎಂದು ನನ್ನ ನಂಬಿಕೆ. ಕ್ರುಶ್ಚೇವ್ 1964ರ ಅಕ್ಟೋಬರಿನಲ್ಲಿ ಪದವಿ ಕಳೆದುಕೊಂಡಾಗ ಅವರ ಮೇಲಿನ ದೂರುಗಳಲ್ಲಿ ಕ್ಯೂಬಾವೂ ಒಂದು. ಕೆನಡಿಯ ಆಪ್ತ ಥಿಯೋಡರ್ ಸೊರೆನ್ಸೆನ್ ಟರ್ಕಿಯ ವಿನಿಮಯವನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1989ರಲ್ಲಿ, ಮಾಸ್ಕೋದಲ್ಲಿ ನಡೆದ ಸಮಾವೇಶವೊಂದರಲ್ಲಿ.

1992ರ ಜನವರಿಯಲ್ಲಿ ಹವಾನಾದಲ್ಲಿ ಮೂರೂ ದೇಶಗಳವರು ಒಂದೇ ಸಭೆಯಲ್ಲಿ ಕೂತರು. ಕೆನಡಿಯ ರಕ್ಷಣಾ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಮೆಕ್‌ನಮಾರ ಅಲ್ಲಿದ್ದರು, ಕ್ಯಾಸ್ಟ್ರೊ ಇದ್ದರು, ಕ್ಯೂಬಾ ಕಾರ್ಯಾಚರಣೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೋವಿಯತ್ ಜನರಲ್ ಗ್ರಿಬ್ಕೋವ್ ಇದ್ದರು. 1962ರಲ್ಲಿ ಕ್ಯೂಬಾದಲ್ಲಿ ಹತ್ತು ಸಾವಿರದಷ್ಟು ಸೋವಿಯತ್ ಸೈನಿಕರು ಇದ್ದಾರೆಂದು ಅಮೆರಿಕ ಎಣಿಸಿದ್ದರೆ ಇದ್ದವರು 40 ಸಾವಿರಕ್ಕೂ ಹೆಚ್ಚು. ದಡಕ್ಕೆ ಬರುವ ಸೈನ್ಯದ ಮೇಲೆಯೇ ಹಾರಿಸಬಲ್ಲ ಸಣ್ಣ ಅಣ್ವಸ್ತ್ರಗಳೂ ದ್ವೀಪದಲ್ಲಿ ಇದ್ದವು. ಈ ಮಾತು ಕಿವಿಗೆ ಬಿದ್ದಾಗ ಮೆಕ್‌ನಮಾರ ನಂಬಲಾಗದೆ, ಅನುವಾದ ಸರಿಯಿದೆಯೋ ಇಲ್ಲವೋ, ಸಭೆ ನಿಲ್ಲಿಸೋಣ ಎಂದರು. ಆಮೇಲೆ ಅವರು ಕ್ಯಾಸ್ಟ್ರೊರನ್ನು ನೇರವಾಗಿ ಕೇಳಿದರು: ಆ ಅಸ್ತ್ರಗಳು ಇಲ್ಲಿವೆಯೆಂದು ನಿಮಗೆ ಗೊತ್ತಿತ್ತೇ, ನಾವು ಆಕ್ರಮಣ ಮಾಡಿದ್ದರೆ ಬಳಸಲು ಹೇಳುತ್ತಿದ್ದಿರೇ, ಆಗ ಕ್ಯೂಬಾದ ಗತಿ ಏನಾಗುತ್ತಿತ್ತು? ಮೆಕ್‌ನಮಾರ ನೆನಪಿಸಿಕೊಂಡಂತೆ ಕ್ಯಾಸ್ಟ್ರೊ ಕೊಟ್ಟ ಉತ್ತರ ಇಷ್ಟು: ಗೊತ್ತಿತ್ತು, ಬಳಸಲು ಹೇಳಿಯೇ ಇದ್ದೆ, ಕ್ಯೂಬಾ ಪೂರ್ತಿ ನಾಶವಾಗುತ್ತಿತ್ತು.